ಅತ್ತೆಯ ಮೂರು ಕರೆ

ನನ್ನ ಸೋದರತ್ತೆ ಸತ್ತವರ ಹತ್ತಿರವೂ ಮನೆತೆರಿಗೆ ವಸೂಲು ಮಾಡುತ್ತಾರೆ. ನಗಬೇಡಿ! ರಶೀದಿ ಇದೆ, ಬೇಕಾದರೆ ತೋರಿಸುತ್ತೇನೆ. ಸುಳ್ಯದಿಂದ ಮಂಡೆಕೋಲಿನ ಕಡೆಗೆ ಹೋಗುವಾಗ ಸಿಗುವ ಒಂದು ಪಂಚಾಯತಿಯಲ್ಲಿ ಅವರು ಬಿಲ್ ಕಲೆಕ್ಟರ್. ಹೆಗಲಿಗೆ ರೆಕ್ಸಿನ್ ಚೀಲ, ಕೈಯಲ್ಲಿ ಕೊಡೆ, ಕಾಲಲ್ಲಿ ಗಂಡಸರ ಪ್ಲಾಸ್ಟಿಕ್ ಚಪ್ಪಲಿ. ಅವರು ಬರುವುದು ಕಂಡರೆ ನಾಯಿಗಳೂ ಹಿತ್ತಲಿಗೆ ಹೋಗುತ್ತವೆ. ತಮ್ಮದೂ ಏನಾದರೂ ಬಾಕಿ ಇದೆಯೋ ಎಂಬ ಸಂಶಯ ಇರಬೇಕು, ಪಾಪ!

ಅತ್ತೆಯದು ಒಂದು ವಿಚಿತ್ರ ಪದ್ಧತಿ. ಮನೆಗೆ ಬೀಗ ಬಿದ್ದಿರಲಿ, ಹಂಚು ಸಮೇತ ಮಾಡೇ ಬಿದ್ದು ಹೋಗಿರಲಿ, ಅಂಗಳದಲ್ಲಿ ನಿಂತು ಮನೆಯ ಯಜಮಾನನ ಹೆಸರನ್ನು ಮೂರು ಸಲ ಗಟ್ಟಿಯಾಗಿ ಕರೆಯಬೇಕು. ಮೂರನೆಯ ಕರೆಗೂ ಉತ್ತರ ಬಾರದಿದ್ದರೆ ಮಾತ್ರ ಪುಸ್ತಕದಲ್ಲಿ ‘ಕರೆದೆ, ಯಾರೂ ಇಲ್ಲ’ ಎಂದು ಬರೆಯುವುದು. ಇದು ಯಾವ ಕಾನೂನಿನಲ್ಲಿದೆ ಅಂತೀರಿ? ಯಾವುದರಲ್ಲೂ ಇಲ್ಲ!

“ಮೂರು ಸಲ ಯಾಕೆ ಅತ್ತೆ? ಒಂದು ಸಲ ಸಾಕಲ್ಲ?” ಎಂದು ಕೇಳಿದ್ದೆ.

“ಒಂದೇ ಸಲ ಕರೆಯುದು ಕುಲೆಗಳು ಮಾರಾಯ. ಒಂದು ಕರೆಗೆ ಓಗೊಡ್ಬಾರ್ದು ಅಂತ ನಿನ್ನ ಅಜ್ಜಿ ಹೇಳಿಲ್ವಾ? ನಾನು ಮನುಷ್ಯಳು ಅಂತ ಒಳಗೆ ಇದ್ದವ್ರಿಗೆ ಗೊತ್ತಾಗ್ಬೇಕಲ್ಲ!”

ನೋಡಿ, ಅವರ ಕಾಳಜಿ ಎಂಥದ್ದು! ತನ್ನನ್ನು ದೆವ್ವ ಎಂದುಕೊಂಡು ದೆವ್ವಗಳು ಹೆದರಬಾರದಂತೆ.

ನನ್ನದು ಸುಳ್ಯ ಪೇಟೆಯಲ್ಲಿ ಒಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಒಂದು ಬೆಳಿಗ್ಗೆ ಶಟರು ಎತ್ತುವಷ್ಟರಲ್ಲಿ, ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಒಬ್ಬ ಬ್ಯಾರಿ ಗೆಳೆಯ ಸುಣ್ಣದಂತೆ ಬಿಳಿಚಿಕೊಂಡು ನಿಂತಿದ್ದ.

“ನಿಮ್ಮ ಅತ್ತೆ ನಿನ್ನೆ ನಮ್ಮ ಹಳೇ ಮನೆ ಎದುರು ನಿಂತು ನನ್ನ ಬಾಪನ ಹೆಸರು ಕರೆದ್ರು ಮಾರಾಯ್ರೆ. ಬಾಪ ತೀರಿಹೋಗಿ ಏಳು ವರ್ಷ ಆಯ್ತು!”

“ಅದಕ್ಕೆಂತ? ಅವರು ಎಲ್ಲರನ್ನೂ ಕರೀತಾರೆ.”

“ಅದಲ್ಲ. ಒಳಗಿಂದ ‘ಓ’ ಅಂತ ಕೇಳಿತು. ನಾನೇ ಕೇಳಿದ್ದು!”

ಅವನು ಅಲ್ಲಿಂದ ನೇರ ಪಂಚಾಯತಿಗೆ ಹೋಗಿ ಏಳು ವರ್ಷದ ಬಾಕಿಯನ್ನೂ ಕಟ್ಟಿದ. ಚಿಲ್ಲರೆ ವಾಪಸು ಕೇಳಲಿಲ್ಲ. ನಾನು ಬಿದ್ದು ಬಿದ್ದು ನಕ್ಕೆ. ನಕ್ಕದ್ದಕ್ಕೆ ಶಿಕ್ಷೆಯೂ ಆಯಿತು.

ಅತ್ತೆಯ ನಿವೃತ್ತಿಗೆ ಒಂದು ವಾರ ಇತ್ತು. ಅಷ್ಟರೊಳಗೆ ಎಷ್ಟೋ ವರ್ಷಗಳಿಂದ ವಸೂಲಾಗದ ಒಂಬತ್ತು ಮನೆಗಳ ಬಾಕಿಯನ್ನು ಮನ್ನಾ ಮಾಡಿ, ಆ ಹೆಸರುಗಳನ್ನು ಪುಸ್ತಕದಿಂದ ತೆಗೆಯಬೇಕು ಎಂದು ಪಂಚಾಯತಿ ನಿರ್ಣಯ ಮಾಡಿತು. ಸ್ಥಳಕ್ಕೆ ಹೋಗಿ ‘ಯಾರೂ ಇಲ್ಲ’ ಎಂದು ಅತ್ತೆ ವರದಿ ಕೊಡಬೇಕು. ಅದಕ್ಕೊಬ್ಬ ಸಾಕ್ಷಿ ಬೇಕು. ಸಾಕ್ಷಿ ಯಾರು? ಈ ಪಾಪಿಯೇ!

ಮೊದಲನೆಯ ಮನೆ ರಬ್ಬರ್ ತೋಟದ ನಡುವೆ ಇತ್ತು. ನಡು ಮಧ್ಯಾಹ್ನ. ಎಲೆಯೆಲ್ಲ ಉದುರಿ ಮರಗಳು ಬೋಳಾಗಿದ್ದವು. ಒಂದು ಹಕ್ಕಿಯ ದನಿ ಇಲ್ಲ. ಮನೆಗೆ ಮಾಡು ಇಲ್ಲ, ಬಾಗಿಲು ಇಲ್ಲ, ಒಳಗಿನಿಂದ ಒಂದು ಹಲಸಿನ ಗಿಡ ಹೊರಗೆ ಇಣುಕುತ್ತಿತ್ತು. ಅತ್ತೆ ಒಂದು ಸಲ ಕರೆದರು. ಎರಡು ಸಲ ಕರೆದರು. ಮೂರನೆಯ ಸಲ ಕರೆದಾಗ ಅಡುಗೆಕೋಣೆಯ ಕಡೆಯಿಂದ ಸ್ಪಷ್ಟವಾಗಿ ‘ಓ’ ಎಂದು ಕೇಳಿತು. ಬಾಯಲ್ಲಿ ತುತ್ತು ಇಟ್ಟುಕೊಂಡು ಓಗೊಟ್ಟಂತಿತ್ತು.

ನಾನು ಓಡಿದೆ. ಒಂದು ಚಪ್ಪಲಿ ಅಲ್ಲೇ ಬಿತ್ತು.

“ಹೋಯ್, ಸಹಿ ಹಾಕಿ ಓಡು ಮಾರಾಯ!” ಎಂದು ಅತ್ತೆ ಹಿಂದಿನಿಂದ ಕೂಗಿದರು. ಪುಸ್ತಕದಲ್ಲಿ ‘ಕರೆದೆ, ಓಗೊಟ್ಟರು. ಬಾಕಿ ಮುಂದುವರಿಸುವುದು’ ಎಂದು ಬರೆದಾಗಿತ್ತು.

ಎರಡನೆಯ ಮನೆಯಲ್ಲಿ ಬಾವಿಯ ಕಡೆಯಿಂದ ಕೇಳಿತು. ಮೂರನೆಯದರಲ್ಲಿ ಹೆಂಗಸಿನ ಸ್ವರ. ನಾಲ್ಕನೆಯದರಿಂದ ನಾನು ಓಡುವುದನ್ನು ಬಿಟ್ಟೆ. ಧೈರ್ಯ ಬಂದು ಅಲ್ಲ, ಕಾಲಿನಲ್ಲಿ ಶಕ್ತಿಯೇ ಇರಲಿಲ್ಲ! ಹೀಗೆ ಎಂಟು ಮನೆಯಲ್ಲಿ ಎಂಟು ‘ಓ’.

ವರದಿ ನೋಡಿದ ಪಿಡಿಒ ತಲೆಗೆ ಕೈ ಇಟ್ಟುಕೊಂಡರು. ಹೊಸದಾಗಿ ಬಂದ ಹುಡುಗಿ, ಒಳ್ಳೆಯವಳು.

“ಅಕ್ಕ, ಅದು ಗುಡ್ಡಕ್ಕೆ ಬಡಿದು ನಿಮ್ಮದೇ ಸ್ವರ ವಾಪಸು ಬರುದು.”

“ನಾನು ಕರೆದದ್ದು ಹೆಸರು. ವಾಪಸು ಬಂದದ್ದು ‘ಓ’. ನಿಮ್ಮ ಗುಡ್ಡ ಯಾವ ಶಾಲೆಗೆ ಹೋಗಿದೆ ಮೇಡಂ? ಇದ್ದವರ ಬಾಕಿ ಮನ್ನಾ ಮಾಡ್ಲಿಕ್ಕೆ ಉಂಟಾ?”

ಪಿಡಿಒ ಕಡತ ಮುಚ್ಚಿದರು. “ಒಂಬತ್ತನೆಯದನ್ನಾದರೂ ನಾಳೆ ಮುಗಿಸಿ ಅಕ್ಕ” ಎಂದರು. ಅತ್ತೆ ಚೀಲ ಎತ್ತಿಕೊಂಡರು.

ಪಂಚಾಯತಿಯ ಪಟ್ಟಿಯಲ್ಲಿ ಒಂಬತ್ತನೆಯ ಹೆಸರನ್ನು ನಾನೇ ಟೈಪ್ ಮಾಡಿದ್ದೆ. ಶೀನಪ್ಪ. ನನ್ನ ಮಾವ, ಅತ್ತೆಯ ಗಂಡ. ಇಪ್ಪತ್ತು ವರ್ಷಗಳ ಹಿಂದೆ ರಬ್ಬರ್ ಶೀಟು ಮಾರಿ ಬರುತ್ತೇನೆಂದು ಕಾಸರಗೋಡಿಗೆ ಹೋದವರು ತಿರುಗಿ ಬರಲಿಲ್ಲ. ಕಾಗದ ಇಲ್ಲ, ಸುದ್ದಿ ಇಲ್ಲ, ಹೆಣವೂ ಇಲ್ಲ. ರೇಷನ್ ಕಾರ್ಡಿನಿಂದ ಅವರ ಹೆಸರು ಹೋಯಿತು, ಮತದಾರರ ಪಟ್ಟಿಯಿಂದಲೂ ಹೋಯಿತು. ಅತ್ತೆ ನಮ್ಮ ಮನೆಗೆ ಬಂದರು, ಆ ಮನೆ ಬಿದ್ದು ಹೋಯಿತು. ತೆರಿಗೆ ಪುಸ್ತಕದಲ್ಲಿ ಮಾತ್ರ ಹೆಸರು ಉಳಿದಿತ್ತು. ವರ್ಷ ವರ್ಷವೂ ‘ಶೀನಪ್ಪ ಇವರಿಗೆ’ ಎಂದು ನೋಟೀಸು ಬರುತ್ತಿತ್ತು. ಊರಿಗೆಲ್ಲ ತೆರಿಗೆ ಕಟ್ಟಿಸುವ ಅತ್ತೆ ಆ ಒಂದು ಬಾಕಿಯನ್ನು ಮಾತ್ರ ಕಟ್ಟಿರಲಿಲ್ಲ. ಎಂಥಾ ಜುಗ್ಗಿ ಎಂದು ನಾನು ಎಷ್ಟೋ ಸಲ ಗೇಲಿ ಮಾಡಿದ್ದೆ.

ಮರುದಿನ ಮಧ್ಯಾಹ್ನ ಆ ಅಂಗಳದಲ್ಲಿ ನಿಂತಾಗ ಮತ್ತೆ ಕೇಳಿದೆ, “ಇದೊಂದನ್ನು ಯಾಕೆ ಕಟ್ಟಲಿಲ್ಲ ಅತ್ತೆ?”

“ಬಾಕಿ ಇದ್ರೆ ಹುಡುಕ್ಲಿಕ್ಕೆ ಆದ್ರೂ ಒಬ್ರು ಬರ್ತಾರೆ ಮಾರಾಯ. ಕಟ್ಟಿ ಮುಗಿಸಿದ್ರೆ ಮತ್ತೆ ಅವರನ್ನು ಕೇಳುವವ್ರು ಯಾರು?”

ಅತ್ತೆ ಕೊಡೆ ಮಡಚಿ ನಿಂತರು. ಗುಡ್ಡ ಅದುರುವಂತೆ ಊರವರ ಹೆಸರನ್ನೆಲ್ಲ ಕೂಗುವ ಈ ಹೆಂಗಸು ಗಂಡನ ಹೆಸರನ್ನು ಒಂದು ದಿನವೂ ಬಾಯಲ್ಲಿ ಹೇಳಿದವರಲ್ಲ. ಅವರ ಕಾಲದವರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಆಫೀಸಿನಲ್ಲಿ ಕೇಳಿದಾಗಲೂ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದ್ದರು! ಅದಕ್ಕೇ ಇಷ್ಟು ವರ್ಷವೂ ಈ ಮನೆಯ ಎದುರು ಬಂದು, ಕರೆಯಲಾಗದೆ ಸುಮ್ಮನೆ ನಿಂತು ಹೋಗುತ್ತಿದ್ದಿರಬೇಕು.

“ನೀನು ಕರಿ” ಎಂದರು.

“ಶೀನಪ್ಪ ಮಾವಾ…” ಎಂದು ಎರಡು ಸಲ ಕರೆದೆ. ಏನೂ ಇಲ್ಲ. ಮೂರನೆಯದಕ್ಕೆ ಬಾಯಿ ತೆರೆಯುವಾಗ ಅತ್ತೆ ಕೈ ಎತ್ತಿ ತಡೆದರು. ಸೆರಗು ಸರಿಮಾಡಿಕೊಂಡು, ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿ ಕರೆದರು:

“ಶೀನಪ್ಪರೇ…”

ನಾವು ಕಾದೆವು. ಎಂಟು ಪಾಳು ಮನೆಗಳು ಓಗೊಟ್ಟಿದ್ದವು. ಇಲ್ಲಿ ಮಾತ್ರ ಗುಡ್ಡ ಕೂಡ ಸುಮ್ಮನಿತ್ತು. ಅಷ್ಟು ಹೆದರಿಕೆ ನನಗೆ ಆ ಎಂಟು ‘ಓ’ಗಳಿಂದಲೂ ಆಗಿರಲಿಲ್ಲ.

ಅತ್ತೆ ಪೆನ್ನು ತೆರೆದು ‘ಕರೆದೆ’ ಎಂದು ಬರೆದರು. ಕೈ ಅಲ್ಲಿಗೇ ನಿಂತಿತು.

ಅವರ ಬೆನ್ನ ಹಿಂದೆ ನಿಂತಿದ್ದ ನಾನು “ಓ” ಎಂದೆ.

ಅತ್ತೆ ತಿರುಗಿ ನೋಡಲಿಲ್ಲ. ‘ಓಗೊಟ್ಟರು. ಬಾಕಿ ಮುಂದುವರಿಸುವುದು’ ಎಂದು ದುಂಡಗೆ ಬರೆದು ಪುಸ್ತಕವನ್ನು ನನ್ನ ಕಡೆ ಚಾಚಿದರು. ಸಾಕ್ಷಿ ಎಂದಿದ್ದಲ್ಲಿ ನಾನು ಸಹಿ ಹಾಕಿದೆ. ಕೊಡೆ ಬಿಡಿಸಿ ಮುಂದೆ ಮುಂದೆ ನಡೆಯುತ್ತಾ ಅತ್ತೆ ಹೇಳಿದರು:

“ನಿನ್ನ ಮಾವ ಮೊದ್ಲಿಂದ್ಲೂ ಹಾಗೇ. ಮೂರು ಸಲ ಕರೆದ ಮೇಲೆಯೇ ಓಗೊಡುದು.”