ಮೆತ್ತೆ ಕಾಮ್ರೇಡರ ಹರಕಲು ಅಂಗಿ

ಗೇಣಗಲದ ಒಂದು ಮೆತ್ತೆ ಮನುಷ್ಯನ ಮಾನವನ್ನು ಹದಿನಾಲ್ಕು ಬೀದಿಗಳಲ್ಲಿ ಹರಾಜು ಹಾಕಬಲ್ಲದೆಂದು ಧಣಿಗಳು ಕನಸಿನಲ್ಲೂ ಎಣಿಸಿರಲಿಲ್ಲ. ಐದು ಚಪ್ಪಲಿ ಅಂಗಡಿಗಳ ಒಡೆಯರು ಅವರು. ಆದರೆ ಹೃದಯ ಮಾತ್ರ ಎಡಗಡೆಗೆ, ಅದೂ ಬೇರೆಯವರಿಗಿಂತ ನಾಲ್ಕು ಬೆರಳು ಹೆಚ್ಚು ಎಡಕ್ಕೆ. ಹೋದ ವಾರ ಕಾರ್ಖಾನೆ ಬಾಗಿಲಲ್ಲಿ ಧರಣಿ ನಡೆದಾಗ ಉಳಿದವರು ಕಾದ ನೆಲದ ಮೇಲೆ ಕೂತರು. ಧಣಿಗಳು ಮಖಮಲ್ಲಿನ ಮೆತ್ತೆ ಹಾಸಿ ಕೂತು, ಎಲ್ಲರಿಗಿಂತ ಜೋರಾಗಿ ಘೋಷಣೆ ಕೂಗಿದರು. ಮೂಲವ್ಯಾಧಿಯ ಕಾಟ, ಡಾಕ್ಟರ ಅಪ್ಪಣೆ. ಅದನ್ನು ಧರಣಿಯಲ್ಲಿ ಮೈಕು ಹಿಡಿದು ಸಾರಲಾದೀತೆ?

ಪಕ್ಷದ ಕಚೇರಿಯ ಕೆಳಗೆ ಸೈಕಲ್ ರಿಪೇರಿ ಅಂಗಡಿ ಇಟ್ಟವನ ನಾಲಿಗೆಗೆ ಎಲುಬಿಲ್ಲ. "ಓಹೋ, ಮೆತ್ತೆ ಕಾಮ್ರೇಡು!" ಅಂದ. ಸಂಜೆಯೊಳಗೆ ಊರಿನ ಗಿಳಿಗಳೂ ಅದನ್ನೇ ಹೇಳತೊಡಗಿದವು. ಬೇರೆ ಕಡೆ ಇಂಥವರನ್ನು ಷಾಂಪೇನ್ ಸಮಾಜವಾದಿ ಎಂದು ಆಡಿಕೊಳ್ಳುತ್ತಾರಂತೆ. ಅಲ್ಲಿ ಕಡೇಪಕ್ಷ ಒಂದು ಬಾಟಲಿಯಾದರೂ ಇದೆ. ಇಲ್ಲಿ ಬರೀ ಹತ್ತಿ.

ಧಣಿಗಳಿಗೆ ಇದ್ದದ್ದು ಒಂದೇ ಆಸೆ: ವೇದಿಕೆಯ ಮೇಲೆ ನಿಂತು ಹತ್ತು ನಿಮಿಷ ಮಾತಾಡುವುದು. ಹನ್ನೊಂದು ವರ್ಷ ಕಾದಿದ್ದರು. ಇವತ್ತು ಸಂಜೆ ಮೈದಾನದಲ್ಲಿ ದೊಡ್ಡ ಮುಖಂಡರ ಸಭೆ. "ಈ ಸಲ ಮಾತು ನಿಮ್ದೇ" ಎಂದು ಕಾರ್ಯದರ್ಶಿ ಭಾಷೆ ಕೊಟ್ಟಿದ್ದರು. ವೇದಿಕೆ ಹತ್ತುವಾಗ ಯಾರಾದರೂ 'ಮೆತ್ತೆ' ಎಂದುಬಿಟ್ಟರೆ? ಬಡತನವೇ ಕಂಡು ಕಣ್ಣೀರಿಡುವಷ್ಟು ಬಡವನಾಗಿ ಹೋಗುವುದೆಂದು ಧಣಿಗಳು ನಿರ್ಧರಿಸಿದರು.

ಬೆಳಿಗ್ಗೆ ದರ್ಜಿ ಹರಕಲು ಅಂಗಿ ಹೊಲಿದು ತಂದ. "ಎರಡು ಮೊಣಕೈಗೂ ಸಮಸಮ ತೇಪೆ ಹಾಕಿದೀನಿ ಸಾರ್. ಬೆನ್ನಿನ ಹರಕಿಗೆ ಸುತ್ತ ಅಂಚು ಹೊಲ್ದಿದೀನಿ. ಹತ್ತು ವರ್ಷ ಆದ್ರೂ ಹರಿಯಲ್ಲ."

"ಹರಿಯೋದೇ ಬೇಕಿತ್ತಲ್ಲಯ್ಯಾ!"

"ನನ್ ಹೊಲಿಗೆ ಹರಿದ್ರೆ ನನ್ ಮರ್ಯಾದೆ ಏನಾಗ್ಬೇಕು ಸಾರ್?"

ಅದನ್ನೇ ತೊಟ್ಟು ಹೊರಟಾಗ ಹೆಂಡತಿ ಹಣೆ ಚಚ್ಚಿಕೊಂಡರು. "ಏನ್ರೀ ಈ ಅವತಾರ? ಫೋನಾದ್ರೂ ತಗೊಂಡ್ಹೋಗಿ."

"ಬಡವರಿಗೆ ಫೋನ್ಯಾಕೆ?"

"ನಮ್ ಅಡುಗೆಯವಳ ಹತ್ರ ಎರಡಿದೆ!"

ಧಣಿಗಳು ಫೋನನ್ನೂ ಕಾರನ್ನೂ ತ್ಯಜಿಸಿ ಬಸ್ ನಿಲ್ದಾಣ ಸೇರಿದರು. ಬಸ್ಸಿನ ಬಾಗಿಲ ಮುಂದೆ ನಿಂತು, ಯಾರಾದರೂ ತೆರೆದು ಕೈ ಹಿಡಿದಾರೆಂದು ಕಾದರು. ಆರು ಬಸ್ಸು ಹೋದವು. ಏಳನೆಯದಕ್ಕೆ ಜನರೇ ಮೂಟೆಯಂತೆ ಒಳಗೆ ನೂಕಿದರು. ಧಣಿಗಳು ಅಭ್ಯಾಸಬಲದಿಂದ ಡ್ರೈವರನ ಭುಜ ತಟ್ಟಿ, "ಹಾಗೇ ಮೈದಾನದ ಕಡೆ ತಿರುಗಿಸಪ್ಪ" ಎಂದರು.

"ಏನ್ ಯಜಮಾನ್ರೇ, ನಿಮ್ಮಪ್ಪನ ಬಸ್ಸಾ?" ಎಂದ ಕಂಡಕ್ಟರ್, ಶಿಳ್ಳೆ ಊದಿ ಇಳಿಸಿಯೇಬಿಟ್ಟ.

ಆ ನೂಕುನುಗ್ಗಲಲ್ಲಿ ತೋಳು ಹರಿಯಿತು, ಜೇಬು ಹರಿಯಿತು, ಕಾಲರು ಕಿತ್ತು ಬಂತು. ಹರಿಯದೆ ಉಳಿದದ್ದು ದರ್ಜಿ ಹರಿದಿದ್ದ ಜಾಗವೊಂದೇ. ಐದು ಚಪ್ಪಲಿ ಅಂಗಡಿಗಳ ಒಡೆಯರು ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ, ಮೈಯೆಲ್ಲ ಧೂಳು ಮೆತ್ತಿಕೊಂಡು ಸಭೆಗೆ ಬಂದು ಮುಟ್ಟಿದಾಗ ಸಂಜೆ ಐದೂವರೆ.

ಕಾರ್ಯದರ್ಶಿ ಎರಡು ಸಲ ಕಣ್ಣುಜ್ಜಿಕೊಂಡರು. "ಕಾಮ್ರೇಡ್, ನೀವಾ!"

"ಹೇಗಿದೀನಿ?" ಧಣಿಗಳು ಎದೆಯುಬ್ಬಿಸಿದರು.

"ಮುಳುಗಿಸಿದ್ರಲ್ರೀ! ಸಾಹುಕಾರ್ರೂ ನಮ್ ಜೊತೆ ಇದಾರೆ ಅಂತ ಜನಕ್ಕೆ ತೋರಿಸ್ಬೇಕು, ಒಬ್ಬ ಸಾಹುಕಾರನ್ನ ವೇದಿಕೆ ಹತ್ತಿಸಿ ಅಂತ ಮುಖಂಡ್ರು ಹೇಳಿ ಕಳ್ಸಿದ್ರು. ಬಡವ್ರು ನಮ್ಮಲ್ಲಿ ಬೇಕಾದಷ್ಟು. ಸಾಹುಕಾರ ಅಂತ ಇದ್ದದ್ದು ನೀವೊಬ್ರೇ!"

"ಮೊದ್ಲೇ ಹೇಳ್ಬಾರ್ದಾ?"

"ಹದಿನೇಳು ಸಲ ಫೋನ್ ಮಾಡಿದೀನಿ! ಹದಿನೇಳನೇ ಸಲ ನಿಮ್ ಮನೆಯವ್ರು ಎತ್ತಿದ್ರು."

"ಈಗ್ಲೇ ಹೋಗಿ ಕೋಟು ಹಾಕ್ಕೊಂಡು, ಕಾರಲ್ಲಿ ಬಂದ್ಬಿಡ್ತೀನಿ."

"ಕೋಟೂ ಬಂತು, ಕಾರೂ ಬಂತು" ಎಂದು ಕಾರ್ಯದರ್ಶಿ ನಿಟ್ಟುಸಿರಿಟ್ಟರು.

ಧಣಿಗಳದೇ ಕಾರು ಬಂದು ನಿಂತಿತು. ಧಣಿಗಳದೇ ಕೋಟು ತೊಟ್ಟು ಇಳಿದವನು ಸೈಕಲ್ ರಿಪೇರಿಯವನು! "ನಿಮ್ಮನೆ ಅಕ್ಕಾವ್ರೇ ಕೊಟ್ಟು ಕಳ್ಸಿದ್ರು. ಸಾಹುಕಾರ ಇಲ್ದೆ ಸಭೆ ಕೆಡಬಾರ್ದಲ್ಲ" ಎಂದು ಕಣ್ಣು ಮಿಟುಕಿಸಿ ಮೆಟ್ಟಿಲೇರಿದ. ಜನರೆಲ್ಲ ಹೊರಗಿನಿಂದ ಲಾರಿಗಳಲ್ಲಿ ಬಂದವರು. ಗುರುತಿದ್ದ ನಾಲ್ಕು ಮಂದಿ, ತಮ್ಮ ಸೈಕಲ್ಲು ಅವನ ಅಂಗಡಿಯಲ್ಲೇ ಬಿದ್ದಿರುವುದು ನೆನಪಾಗಿ, ಬಾಯಿ ಮುಚ್ಚಿಕೊಂಡರು.

ಅವನು ಅರ್ಧ ಗಂಟೆ ಮಾತಾಡಿದ. ಚಪ್ಪಾಳೆಗೆ ಮೋಡಗಳು ಚದುರಿದವು. ಧಣಿಗಳಿಗೆ ತಡೆಯಲಾಗಲಿಲ್ಲ. ವೇದಿಕೆಗೇ ನುಗ್ಗಿ ಕೂಗಿದರು: "ಆ ಕೋಟು ನಂದು!"

ಕಾವಲಿನವರು ರಟ್ಟೆ ಹಿಡಿದರು. ಮುಖಂಡರು, "ಬಿಡ್ರಪ್ಪಾ ಅವರನ್ನ!" ಎಂದು ಗದರಿ, ಧಣಿಗಳನ್ನು ಪಕ್ಕಕ್ಕೆ ಎಳೆದುಕೊಂಡರು. "ನೋಡಿ ಈ ಬಡ ಅಣ್ಣನನ್ನ! 'ಆ ಕೋಟು ನಂದು' ಅಂತಾನೆ. ಸುಳ್ಳಾ? ಆ ಕೋಟಿನ ಒಂದೊಂದು ದಾರದಲ್ಲೂ ಇವನ ಬೆವರಿದೆ!"

"ಆ ಕಾರೂ ನಂದೇ!" ಧಣಿಗಳು ಗಂಟಲು ಹರಿದುಕೊಂಡರು.

"ಕಾರೂ ಇವನದೇ!" ಮುಖಂಡರ ಕಣ್ಣಲ್ಲಿ ನೀರು. ಮೈದಾನ ಗುಡುಗಿತು.

ಸೈಕಲ್ ರಿಪೇರಿಯವನು ಮೈಕಿನ ಮುಂದೆ ಎರಡೂ ಕೈ ಮುಗಿದ. "ನನ್ನ ಕಣ್ಣು ತೆರೀತು, ಬಂಧುಗಳೇ. ಈ ಗಳಿಗೆಯಿಂದ ಆ ಕಾರು ನಂದಲ್ಲ. ಪಕ್ಷಕ್ಕೆ ಕೊಟ್ಟೆ!" ಎಂದು ಕೀಲಿಕೈಯನ್ನು ಮುಖಂಡರ ಅಂಗೈಯಲ್ಲಿಟ್ಟ.

ಮುಖಂಡರು ಅದೇ ಕಾರು ಹತ್ತಿದರು. "ಕಾರು ನಂದು! ಕಾರು ನಂದು!" ಎನ್ನುತ್ತಾ ಧಣಿಗಳು ಹಿಂದೆ ಓಡಿದರು. ಹತ್ತು ಸಾವಿರ ಜನ ಅದನ್ನು ಹೊಸ ಘೋಷಣೆಯೆಂದು ತಿಳಿದು, ಮುಷ್ಟಿ ಎತ್ತಿ, "ಕಾರು ನಮ್ದು! ಕಾರು ನಮ್ದು!" ಎಂದು ಅವರ ಬೆನ್ನ ಹಿಂದೆ ಓಡಿದರು. ಧಣಿಗಳ ಮಾತಿಗೆ ಜನ ಇಷ್ಟು ಒಗ್ಗಟ್ಟಾಗಿ ದನಿಗೂಡಿಸಿದ್ದು ಅದೇ ಮೊದಲು.