ಗಂಜಿ ಬಿಟ್ಟು ಬಸ್ಸು ತಂದ ಮುರುಗೇಶಪ್ಪ

"ಹಲ್ಲು ಹೋದ್ರೆ ಹೋಗ್ಲಿ, ಪಂಕ್ತಿ ಬಿಡೋ ಮಾತೇ ಇಲ್ಲ" ಎಂದು ಮುರುಗೇಶಪ್ಪ ಘೋಷಿಸಿದರು.

ಘೋಷಿಸಿದರು ಎಂಬುದು ದೊಡ್ಡ ಮಾತಾಯಿತು. ಎರಡೂ ದವಡೆಗೆ ಹತ್ತಿ ತುರುಕಿಕೊಂಡ ಬಾಯಿಂದ ಹೊರಬಿದ್ದದ್ದು "ಅಲ್ಲು ಓದ್ಯೆ ಓಗ್ಲಿ" ಎಂಬಂಥ ಒಂದು ಸದ್ದು. ಅದು ಹೆಂಡತಿ ಶಂಕ್ರಮ್ಮನಿಗೆ ಮಾತ್ರ ಅರ್ಥವಾಯಿತು.

ತ್ಯಾವಣಿಗೆಯಿಂದ ಚನ್ನಗಿರಿಗೆ ಹೋಗುವ ದಾರಿಯಲ್ಲಿ ಬೇವಿನಮರದ ಕ್ರಾಸ್ ಎಂಬ ಸಣ್ಣ ಊರು. ಅಲ್ಲಿ ಮುರುಗೇಶಪ್ಪನವರದು ಗೊಬ್ಬರದ ಅಂಗಡಿ. ಅವರ ಹಲ್ಲು ಊರಿಗೆಲ್ಲ ಹೆಸರುವಾಸಿ. ಗಿರಾಕಿಗಳ ಎದುರು ಒಣ ಅಡಿಕೆಯನ್ನು ದವಡೆಗಿಟ್ಟು ಕಟಕ್ಕನೆ ಒಡೆದು ತೋರಿಸುವುದು ಅವರ ನಿತ್ಯದ ಪ್ರದರ್ಶನ. ಒಂದು ದಿನ ಅಡಿಕೆ ಗೆದ್ದಿತು. ಸೀಳಿದ ಹಲ್ಲು ಒಂದೇ; ಆ ನೆಪದಲ್ಲಿ ಚನ್ನಗಿರಿಯ ಹಲ್ಲಿನ ಡಾಕ್ಟರು ಕಂಡುಹಿಡಿದ ಹುಳುಕು ಮೂರು. ನಾಲ್ಕನ್ನೂ ಕಿತ್ತು, ಹೊಲಿಗೆ ಹಾಕಿ, "ವಾರವೆಲ್ಲ ಮೆತ್ತನೆ ಊಟ. ತಣ್ಣನೆ ಗಂಜಿ, ಕಿವುಚಿದ ಮೊಸರನ್ನ, ಸಜ್ಜಿಗೆ. ಬಿಸಿ, ಖಾರ, ಗಟ್ಟಿ ಏನೂ ಬೇಡ. ಸ್ಟ್ರಾದಲ್ಲಂತೂ ಹೀರಲೇಬೇಡಿ, ಗಾಯದಿಂದ ರಕ್ತ ಬರುತ್ತೆ" ಎಂದು ಹೇಳಿ ಕಳಿಸಿದರು.

ಮನೆಗೆ ಬಂದೊಡನೆ ಶಂಕ್ರಮ್ಮ ಅಕ್ಕಿ ನುಚ್ಚಿನ ಗಂಜಿಯನ್ನು ಮುಂದಿಟ್ಟರು. ಮುರುಗೇಶಪ್ಪ ಬಟ್ಟಲನ್ನು ಒಂದು ಬೆರಳಿನಿಂದ ಆಚೆ ತಳ್ಳಿದರು. ಗಂಜಿ ಎಳೆಗೂಸುಗಳದು, ಇಲ್ಲವೇ ಇಸ್ತ್ರಿ ಅಂಗಡಿಯವರದು ಎಂಬುದು ಅವರ ನಂಬಿಕೆ. ಅಲ್ಲದೆ ಆವತ್ತು ಊರಲ್ಲಿ ಹೊಸ ಬಸ್ ತಂಗುದಾಣದ ಉದ್ಘಾಟನೆ; ಗೋಧಿ ಹುಗ್ಗಿ, ಮಿರ್ಚಿ, ಬದನೆಕಾಯಿ ಎಣ್ಣೆಗಾಯಿ. ಊಟ ಮಾಡಲಾಗದಿದ್ದರೂ ಎಲೆಯ ಮುಂದೆ ಕೂರದಿದ್ದರೆ ಹಲ್ಲಿನ ಸುದ್ದಿ ಊರಿಗೆಲ್ಲ ಗೊತ್ತಾಗುತ್ತಿತ್ತು.

ತಂಗುದಾಣ ಚೆನ್ನಾಗಿತ್ತು. ಕಲ್ಲಿನ ಬೆಂಚು, ತಗಡಿನ ಚಾವಣಿ, ಗೋಡೆಯ ತುಂಬ ಗಣ್ಯರ ಹೆಸರು. ಬಸ್ಸು ಮಾತ್ರ ನಿಲ್ಲುತ್ತಿರಲಿಲ್ಲ. ಎಕ್ಸ್‌ಪ್ರೆಸ್‌ಗಳೆಲ್ಲ ಧೂಳೆಬ್ಬಿಸಿ ಮುಂದೆ ಹೋಗುತ್ತಿದ್ದವು. ಹೀಗಾಗಿ ಅಲ್ಲಿ ತಂಗಬಹುದಿತ್ತು, ಹೊರಡುವ ಹಾಗಿರಲಿಲ್ಲ.

ಪಂಕ್ತಿಯಲ್ಲಿ ಬಡಿಸುತ್ತಿದ್ದವನು ಕಲ್ಲೇಶ್. ಊರಿನ ವಾಟ್ಸಾಪ್ ಗುಂಪಿನ ಅಡ್ಮಿನ್ ಅವನೇ, ಯುವಕ ಸಂಘದ ಅಧ್ಯಕ್ಷನೂ ಅವನೇ. ಸಂಘದಲ್ಲಿ ಬೇರೆ ಯಾರಿದ್ದಾರೆಂದು ಯಾರೂ ಕೇಳಿರಲಿಲ್ಲ. ಅವನು ಹುಗ್ಗಿಯ ಬಕೆಟ್ ಹಿಡಿದು ಬಂದಾಗ ಮುರುಗೇಶಪ್ಪ ಎರಡೂ ಕೈ ಎಲೆಗೆ ಅಡ್ಡ ಹಿಡಿದು, ಸಾಕು ಎನ್ನುವ ಅರ್ಥದಲ್ಲಿ, "ಬಸ್, ಬಸ್" ಅಂದರು. ಹತ್ತಿಯ ನಡುವೆ ನುಸುಳಿ ಬರಬಹುದಾಗಿದ್ದ ಮಾತು ಅದೊಂದೇ.

"ಏನಣ್ಣ, ಬಸ್ಸಾ?"

ಮುರುಗೇಶಪ್ಪ ತಲೆಯಾಡಿಸಿದರು.

"ಬಸ್ ನಿಲ್ಲೋತನಕ ಉಣ್ಣಲ್ಲ ಅಂತೀಯಾ?"

ಹಿಂದೆಯೇ ಮಿರ್ಚಿಯ ಬುಟ್ಟಿ ಬರುತ್ತಿತ್ತು. ಅದು ಮುಂದೆ ಹೋದರೆ ಸಾಕೆಂದು ಮುರುಗೇಶಪ್ಪ ಇನ್ನೂ ಜೋರಾಗಿ ತಲೆಯಾಡಿಸಿದರು.

ಕಲ್ಲೇಶ್ ಬಕೆಟ್ ಕೆಳಗಿಟ್ಟು ಮೊಬೈಲ್ ತೆಗೆದ. ಸ್ವಲ್ಪ ಹೊತ್ತಿನಲ್ಲೇ ಮುರುಗೇಶಪ್ಪ ತಂಗುದಾಣದ ಬೆಂಚಿನ ಮೇಲಿದ್ದರು, ಕೊರಳಲ್ಲಿ ಚೆಂಡು ಹೂವಿನ ಹಾರವಿತ್ತು, ಉದ್ಘಾಟನೆಯ ಶಾಮಿಯಾನಾ ಸರಿದು ಅವರ ತಲೆಯ ಮೇಲೆ ಬಂದಿತ್ತು. ಹೊಟ್ಟೆ ತುಂಬ ಹುಗ್ಗಿ ಉಂಡವರೆಲ್ಲ ಅವರ ಉಪವಾಸಕ್ಕೆ ಬೆಂಬಲ ಘೋಷಿಸಿದರು. ಬಾಯಿಂದ ಹತ್ತಿ ತೆಗೆದು ನಿಜ ಹೇಳಬಹುದಾಗಿತ್ತು. ಆದರೆ ಯೂರಿಯಾ ಯಾಕಿಲ್ಲ ಎಂದು ಬೈಯಲು ಮಾತ್ರ ಅವರ ಹೆಸರೆತ್ತುತ್ತಿದ್ದ ಜನ ಈಗ ಅದೇ ಹೆಸರಿಗೆ ಜೈಕಾರ ಹಾಕುತ್ತಿದ್ದರು. ಮುರುಗೇಶಪ್ಪ ಗಂಭೀರವಾಗಿ ಕೈ ಮುಗಿದರು.

ಮರುದಿನ ಬೆಳಿಗ್ಗೆ ಹಸಿವಿಗೆ ಬೆಂಚು ತಿರುಗಿದಂತಾಗುತ್ತಿತ್ತು. ಆಗ ಶಂಕ್ರಮ್ಮ ಟಿಫಿನ್ ಕ್ಯಾರಿಯರ್ ಹಿಡಿದು ಬಂದರು.

"ಅಕ್ಕ, ವ್ರತ ಕೆಡಿಸಬ್ಯಾಡ್ರಿ," ಎಂದು ಕಲ್ಲೇಶ್ ಅಡ್ಡ ನಿಂತ.

"ಯಾವ ವ್ರತನಪ್ಪ? ಹಲ್ಲು ಕೀಳಿಸ್ಕೊಂಡಾರೆ ಇವರು. ಅಗಿಯಾಕೆ ಆಗದೆ ಊಟ ಬಿಟ್ರು. ಖಾಲಿ ಹೊಟ್ಟೇಲಿ ಮಾತ್ರೆ ನುಂಗಿದ್ರೆ ಹೆಂಗೆ?"

ಕಲ್ಲೇಶ್ ಜನರ ಕಡೆ ತಿರುಗಿದ. "ನೋಡ್ರಪ್ಪ, ಉಪವಾಸ ಮುರಿಸಾಕೆ ಬಸ್ ಡಿಪೋದವರು ಮನೆ ಹೆಣ್ಮಕ್ಕಳ ತನಕ ಹೋಗ್ಯಾರೆ."

ಜನ ಅಯ್ಯೋ ಎಂದರು. ಶಂಕ್ರಮ್ಮ ಗಂಡನ ಮುಖ ನೋಡಿದರು. "ನೀವಾದ್ರೂ ಹೇಳ್ರಿ." ಮುರುಗೇಶಪ್ಪ ಚಾವಣಿಯ ತಗಡನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಆಯ್ತು ಬಿಡ್ರಿ. ಮಾಡಿದ್ದನ್ನ ಚೆಲ್ಲಾಕಾಗಲ್ಲ," ಎಂದು ಶಂಕ್ರಮ್ಮ ಪಕ್ಕದಲ್ಲೇ ಕುಳಿತು ಕ್ಯಾರಿಯರ್ ಬಿಚ್ಚಿದರು. ಮೇಲಿನ ಡಬ್ಬಿಯಲ್ಲಿ ಜೀರಿಗೆ ಒಗ್ಗರಣೆಯ ಗಂಜಿ, ಕೆಳಗಿನದರಲ್ಲಿ ತುಪ್ಪ ಹಾಕಿದ ಸಜ್ಜಿಗೆ. ಒಂದೊಂದೇ ಚಮಚ, ಸಾವಕಾಶವಾಗಿ, ಗಂಡನಿಗೆ ಪರಿಮಳ ತಲುಪುವಷ್ಟು ದೂರದಲ್ಲಿ ಕುಳಿತು ಉಂಡರು. ನಿನ್ನೆ ಬೆರಳಿನಿಂದ ತಳ್ಳಿದ್ದ ಗಂಜಿಗಾಗಿ ಮುರುಗೇಶಪ್ಪನ ಕಣ್ಣಲ್ಲಿ ನೀರು ಬಂತು. ಊರಿನ ಸಂಕಟಕ್ಕೆ ಅಣ್ಣನ ಕಣ್ಣು ಒದ್ದೆಯಾಗಿದೆ ಎಂದು ಕಲ್ಲೇಶ್ ಅದರ ವಿಡಿಯೋ ಹಾಕಿದ.

ಮಧ್ಯಾಹ್ನ ಡಿಪೋದ ಅಧಿಕಾರಿ ಜೀಪಿನಲ್ಲಿ ಬಂದರು. ಹಲ್ಲು ಕಿತ್ತ ಕೆನ್ನೆಗಳು ಅಷ್ಟೊತ್ತಿಗೆ ಕುಂಬಳಕಾಯಿಯಾಗಿದ್ದವು. ಉಪವಾಸದಲ್ಲಿ ದಪ್ಪಗಾದವರನ್ನು ಅಧಿಕಾರಿ ನೋಡಿದ್ದು ಅದೇ ಮೊದಲು.

"ಇದೇನ್ರೀ ಇವರ ಮುಖ ಹಿಂಗೈತೆ?"

"ಉಪವಾಸ ಮೈಗೇರೈತೆ ಸಾರ್. ಇನ್ನು ಸಂಜೆತನಕ ಹೇಳಾಕಾಗಲ್ಲ," ಅಂದ ಕಲ್ಲೇಶ್.

ಸಂಜೆ ಅದೇ ರಸ್ತೆಯಲ್ಲಿ ಮಂತ್ರಿಗಳು ಬರುವವರಿದ್ದರು. ಅಧಿಕಾರಿ ನಿಂತಲ್ಲೇ ಫೋನ್ ಮಾಡಿ, ನಾಳೆಯಿಂದ ಎಲ್ಲ ಎಕ್ಸ್‌ಪ್ರೆಸ್‌ಗಳೂ ಇಲ್ಲಿ ನಿಲ್ಲಬೇಕೆಂದು ಆಜ್ಞೆ ಮಾಡಿದರು. ಉಪವಾಸ ಬಿಡಿಸಲು ಎಳನೀರು ತಂದರು, ಸ್ಟ್ರಾ ಹಾಕಿ ಕೊಟ್ಟರು. ಮುರುಗೇಶಪ್ಪ ಡಾಕ್ಟರನ್ನು ನೆನೆದು ಸ್ಟ್ರಾ ಕಿತ್ತೆಸೆದರು.

"ಪ್ಲಾಸ್ಟಿಕ್‌ಗೂ ನಮ್ಮ ಅಣ್ಣನ ಧಿಕ್ಕಾರ," ಎಂದು ಕಲ್ಲೇಶ್ ಘೋಷಣೆ ಕೂಗಿಸಿದ. ಅಧಿಕಾರಿ ಬೆಚ್ಚಿ, ತಮ್ಮ ಕೈಲಿದ್ದ ನೀರಿನ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿದರು.

ವಾರ ಕಳೆದ ಮೇಲೆ ಹೊಲಿಗೆ ಬಿಚ್ಚಿಸಲು ಗಂಡ ಹೆಂಡತಿ ಚನ್ನಗಿರಿಗೆ ಹೊರಟರು. ಬಸ್ಸು ಬಂದು, ಮುರುಗೇಶಪ್ಪನವರ ಪಾದದ ಹತ್ತಿರವೇ ಬಾಗಿಲು ಬರುವಂತೆ ನಿಂತಿತು. ಅವರು ಎದೆಯುಬ್ಬಿಸಿ ಹತ್ತಿದರು. ಕಂಡಕ್ಟರ್ ಟಿಕೆಟ್ ಕೇಳಿದ.

"ಏನಪ್ಪ, ಈ ಸ್ಟಾಪಿಗೋಸ್ಕರ ಉಪವಾಸ ಕೂತಿದ್ದೋನು ನಾನೇ ಕಣೋ."

"ಇಲ್ಲಿ ಹತ್ತೋ ಗಂಡಸರೆಲ್ಲ ಹಂಗೇ ಅಂತಾರೆ ಯಜಮಾನ್ರೇ. ಚಿಲ್ಲರೆ ಕೊಡ್ರಿ."

ಮುರುಗೇಶಪ್ಪ ಬಸ್ಸಿನಲ್ಲಿ ಸುತ್ತ ನೋಡಿದರು. ಯಾರೂ ಎದ್ದು ಕೈ ಮುಗಿಯಲಿಲ್ಲ. ಜೇಬಿಗೆ ಕೈ ಹಾಕಿದರು. ಕಂಡಕ್ಟರ್ ಅವರಿಂದ ಪೂರ್ತಿ ಹಣ ತೆಗೆದುಕೊಂಡು, ಶಂಕ್ರಮ್ಮನ ಆಧಾರ್ ಕಾರ್ಡ್ ನೋಡಿ, ಹೆಣ್ಣುಮಕ್ಕಳಿಗೆ ಕೊಡುವ ಉಚಿತ ಟಿಕೆಟನ್ನು ಆಕೆಯ ಕೈಗಿತ್ತು ಮುಂದೆ ಹೋದ.

ಶಂಕ್ರಮ್ಮ ಆ ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು, ಕಿಟಕಿಯ ಪಕ್ಕ ಸರಿದು ಕುಳಿತರು.

"ನಾನು ಒಂದು ಹೊತ್ತೂ ಊಟ ಬಿಟ್ಟಿಲ್ಲ ನೋಡ್ರಿ," ಅಂದರು. "ನಂದು ಫ್ರೀ."