ಕೂತಲ್ಲೇ ಜಿಲ್ಲೆ ಬದಲಿಸಿದ ಊರು

ಬೆಳಗಿನ ಆರು ಗಂಟೆಗೆ ಒಂದು ದೀವಿಹಲಸಿನ ಕಾಯಿ ಮರದಿಂದ ಬಿತ್ತು. ಅದು ಊರವರು ಮರ್ಯಾದೆಗೆ 'ಮಾಸ್' ಎನ್ನುತ್ತಿದ್ದ ಎಫ್ರೇಮ್‌ನ ಅಂಗಳಕ್ಕೆ ಬಿದ್ದಿದ್ದರೆ ಯಾರಿಗೂ ಏನೂ ತೊಂದರೆ ಇರಲಿಲ್ಲ. ಬಿದ್ದದ್ದು ಬೇಲಿಯಿಲ್ಲದ ಗಡಿಯ ಮೇಲೆ, ಉರುಳಿದ್ದು ಪಕ್ಕದ ಮನೆಯ ಮಿಸ್ ಜಿಲ್ಫಾಳ ಕಡೆಗೆ. ಎಫ್ರೇಮ್ ಚಪ್ಪಲಿ ಹುಡುಕಿಕೊಂಡು ಹೊರಗೆ ಬರುವಷ್ಟರಲ್ಲಿ ಕಾಯಿ ಅವಳ ಒಲೆಯ ಕೆಂಡದ ಮೇಲೆ ಕೂತು ಕಪ್ಪಗಾಗುತ್ತಿತ್ತು.

"ಅದು ನನ್ನ ಮರದ್ದು ಕಣೇ! ನಮ್ಮ ಮುತ್ತಜ್ಜಿ ಕೆಜಾಯಾ ನೆಟ್ಟ ಮರ."

"ನೆಟ್ಟಿದ್ದು ಕೆಜಾಯಾ ಅಂತ ಊರಿಗೆಲ್ಲಾ ಗೊತ್ತು. ನೀನು ಕೆಜಾಯಾ ಮರಿಮೊಮ್ಮಗ ಅನ್ನೋದಕ್ಕೆ ಎಲ್ಲಿದೆ ಕಾಗದ?" ಜಿಲ್ಫಾ ಕಾಯನ್ನು ಮಗುಚಿ ಹಾಕಿದಳು. "ಕಾಗದ ಇಲ್ಲದಿದ್ರೆ ಮರ ಅದರ ಎಲೆ ಗುಡಿಸೋರದ್ದು. ಮೂವತ್ತು ವರ್ಷದಿಂದ ಗುಡಿಸ್ತಿರೋಳು ನಾನು."

ಜಗಳ ಊರಿನ ಮೇಷ್ಟ್ರ ಜಗಲಿಗೆ ಹೋಯಿತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ತೀರ್ಪು ಕೊಟ್ಟರು: ಎಫ್ರೇಮ್ ತನ್ನ ಅಜ್ಜನು ಕೆಜಾಯಾಳ ಮಗನೆಂದು ಕಾಗದ ತೋರಿಸಿದರೆ ಮರ ಅವನದು, ಇಲ್ಲದಿದ್ದರೆ ಜಿಲ್ಫಾಳದು. ಇಬ್ಬರೂ ಒಪ್ಪಿದರು. ಎಫ್ರೇಮ್ ದರ್ಜಿ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಜೀವ. ಅವನ ಬೆಳಗಿನ ಊಟಕ್ಕೂ ಆ ಮರವೇ, ಸಂಜೆಯ ಜಂಬಕ್ಕೂ ಆ ಮರವೇ.

ಯಾರದೋ ಮದುವೆಗೆಂದು ತಾನೇ ಹೊಲಿದುಕೊಂಡಿದ್ದ ಕೋಟು ಹಾಕಿಕೊಂಡು ಅವನು ಗ್ಲೆನ್‌ರಾಯ್‌ನ ಬಾಡಿಗೆ ಕಾರು ಹತ್ತಿದ. ಜಿಲ್ಫಾ ಕೊಡೆ ಹಿಡಿದು ಪಕ್ಕದಲ್ಲೇ ತುರುಕಿಕೊಂಡಳು.

"ನೀನ್ಯಾಕೆ?"

"ನೀನೇ ಬರೆದುಕೊಂಡು ಬಂದು ಕಾಗದ ಅಂತ ತೋರಿಸಿದ್ರೆ? ನಾನು ಕಣ್ಣಾರೆ ನೋಡ್ಬೇಕು."

ನಾಲ್ಕು ಜನ ಕೂರುವ ಕಾರಿನಲ್ಲಿ ಎಂಟು ಜನರಿದ್ದರು. ಅಷ್ಟೂ ಜನಕ್ಕೆ ಕೆಜಾಯಾ ಯಾರು, ಯಾವ ಕಾಲದವಳು, ಎಷ್ಟು ಎತ್ತರ ಇದ್ದಳು ಎಂದು ಹೇಳದೆ ಬಿಡುಗಡೆಯಿರಲಿಲ್ಲ. "ನಿಮ್ಮ ಅಜ್ಜ ಯಾವ ಜಿಲ್ಲೇಲಿ ಹುಟ್ಟಿದ್ದು ಅಂತ ಮೊದಲು ತಿಳ್ಕೊಳ್ಳಿ ಮಾಸ್ ಎಫ್ರೇಮ್, ಪುಸ್ತಕ ಎಲ್ಲಾ ಜಿಲ್ಲಾವಾರು ಇರೋದು," ಎಂದ ಗ್ಲೆನ್‌ರಾಯ್.

"ಹುಟ್ಟಿದ್ದು ನಾನು ಮಲಗೋ ಮನೇಲೇ. ಮನೆ ಇರೋದು ಕ್ಲ್ಯಾರೆಂಡನ್ ಜಿಲ್ಲೇಲಿ. ಇದರಲ್ಲಿ ತಿಳ್ಕೊಳ್ಳೋದೇನು ಬಂತು?"

ಮೇ ಪೆನ್ ಪಟ್ಟಣದ ಜನನ ನೋಂದಣಿ ಕಚೇರಿಯಲ್ಲಿದ್ದ ಗುಮಾಸ್ತೆ ಒಂದು ಅರ್ಜಿ ಕೊಟ್ಟಳು. ತನ್ನ ವಯಸ್ಸು, ಊರು, ಜಿಲ್ಲೆ ಬರೆದದ್ದಾಯಿತು. ಅದರ ಮೇಲೆ 'ಕೌಂಟಿ' ಎಂದು ಇನ್ನೊಂದು ಖಾಲಿ ಜಾಗವಿತ್ತು.

"ಇದೇನಮ್ಮ ಇದು?"

"ಮಿಡಲ್‌ಸೆಕ್ಸ್ ಅಂತ ಬರೀರಿ."

"ಅದು ಇಂಗ್ಲೆಂಡಲ್ಲಿ ಅಲ್ವಾ ಇರೋದು?"

"ಜಮೈಕಾದಲ್ಲೂ ಇದೆ, ಐದು ಜಿಲ್ಲೆ ಸೇರಿ ಒಂದು ಕೌಂಟಿ. ಅರವತ್ತಮೂರು ವರ್ಷದಿಂದ ನೀವು ಅದರೊಳಗೇ ಇದ್ದೀರಿ."

ಎಫ್ರೇಮ್ ಹಿಂದಕ್ಕೆ ತಿರುಗಿ ಜಿಲ್ಫಾಳನ್ನು ನೋಡಿದ. ಅವಳೂ ತಾನು ನಿಂತಿದ್ದ ನೆಲವನ್ನು ಒಮ್ಮೆ ನೋಡಿಕೊಂಡಳು. "ಅದರಿಂದ ಏನು ಉಪಯೋಗ?" ಎಂದು ಅವನು ಕೇಳಿದ. ಅರ್ಜಿಯಲ್ಲಿ ಬರೆಯುವುದನ್ನು ಬಿಟ್ಟರೆ ಬೇರೆ ಉಪಯೋಗ ತನಗೂ ಗೊತ್ತಿಲ್ಲವೆಂದಳು ಗುಮಾಸ್ತೆ.

ಅರ್ಧ ಗಂಟೆ ಹುಡುಕಿದ ಮೇಲೆ ಅಜ್ಜನ ಹೆಸರು ಸಿಕ್ಕಿತು. ಜೊಸಾಯಾ ಟಲಕ್, ತಾಯಿ ಕೆಜಾಯಾ. ಅದೇ ಊರು, ಅದೇ ಮನೆತನ. "ಈ ಪುಸ್ತಕದಲ್ಲಿ ಕೆಜಾಯಾಗೆ ಇವನೊಬ್ಬನೇ ಮಗ," ಎಂದು ಗುಮಾಸ್ತೆ ನಕಲು ಬರೆದು ಮೊಹರು ಒತ್ತಿದಳು.

ಜಿಲ್ಫಾ ಎರಡು ಸಲ ಓದಿ ನಿಟ್ಟುಸಿರು ಬಿಟ್ಟಳು. "ಸರಿ ಮಾರಾಯ, ಮರ ನಿಂದೇ. ಇನ್ನು ಎಲೇನೂ ನೀನೇ ಗುಡಿಸ್ಕೋ. ನಡಿ ಮನೆಗೆ."

ಹೋಗಬಹುದಿತ್ತು. ಆದರೆ ಎಫ್ರೇಮ್‌ನ ಕಣ್ಣು ಪುಸ್ತಕದ ಮೇಲೆ ನೆಟ್ಟಿತ್ತು. ಅವನ ಅಜ್ಜನ ಹೆಸರಿದ್ದದ್ದು ಎರಡನೆಯ ಪುಟದಲ್ಲಿ. ಅದರ ಹಿಂದಿನ ಪುಟದಿಂದಲೇ ಅವನ ಊರಿನ ಹೆಸರುಗಳು ಶುರುವಾಗಿದ್ದವು.

"ಇದಕ್ಕೆ ಮುಂಚೆ ನಮ್ಮೂರಲ್ಲಿ ಯಾರೂ ಹುಟ್ಟೇ ಇಲ್ವಾ?"

"ಮುಂಚೆ ನಿಮ್ಮೂರು ಈ ಜಿಲ್ಲೇಲಿ ಇರ್ಲಿಲ್ಲ. ವಿಯರ್ ಅಂತ ಬೇರೆ ಜಿಲ್ಲೆ ಇತ್ತು. ನೂರು ವರ್ಷದ ಹಿಂದೆ ಅದನ್ನ ಕ್ಲ್ಯಾರೆಂಡನ್‌ಗೆ ಸೇರಿಸಿದ್ರು."

"ಹಾಗಾದ್ರೆ ನಮ್ಮೂರು ಅಲ್ಲಿಂದ ಇಲ್ಲಿಗೆ ಬಂತಾ?"

"ಊರು ಎಲ್ಲೂ ಹೋಗ್ಲಿಲ್ಲ ಅಪ್ಪಾ, ಗೆರೆ ಹೋಯ್ತು."

ಎಫ್ರೇಮ್‌ಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಹಾಸಿಗೆಯಲ್ಲಿ ಮಲಗಿದ್ದ ಮನುಷ್ಯ ಅಲ್ಲಾಡದೆ ಬೇರೆ ಜಿಲ್ಲೆಯಲ್ಲಿ ಎದ್ದ ಎಂದರೆ ಏನು ತಮಾಷೆ! ಆ ಹಳೆಯ ಪುಸ್ತಕ ಎಲ್ಲಿದೆ ಎಂದು ಕೇಳಿದ. ಹಳೇ ವಿಯರ್‌ನ ಚರ್ಚಿನಲ್ಲಿ ಸಿಗಬಹುದು ಎಂದಳು ಗುಮಾಸ್ತೆ.

ಜಿಲ್ಫಾ ಅವನ ಕೋಟು ಹಿಡಿದೆಳೆದಳು. "ಬೇಕಾದ್ದು ಸಿಕ್ತಲ್ಲ, ಸಾಕು ಬಾರೋ. ನಾಳೆ ನಾನೇ ನಿನ್ನ ಅಂಗಳಕ್ಕೆ ಕಾಯಿ ತಂದಿಡ್ತೀನಿ."

ಇಷ್ಟು ವರ್ಷದಲ್ಲಿ ಜಿಲ್ಫಾ ಅವನಿಗೆ ಒಂದು ಒಳ್ಳೆಯ ಮಾತು ಹೇಳಿದವಳಲ್ಲ. ಇವತ್ತು ಹೇಳುತ್ತಿದ್ದಾಳೆ ಎಂದರೆ ಆ ಪುಸ್ತಕದಲ್ಲಿ ಏನೋ ಇದೆ, ಇವಳಿಗೆ ಅದು ಗೊತ್ತಿದೆ ಎಂದು ಎಫ್ರೇಮ್ ಲೆಕ್ಕ ಹಾಕಿದ. "ಗ್ಲೆನ್‌ರಾಯ್, ಗಾಡಿ ತಿರುಗಿಸು!"

ಚರ್ಚಿನಲ್ಲಿ ಭಾನುವಾರದ ಹಾಡಿನ ಅಭ್ಯಾಸ ನಡೆದಿತ್ತು. ಹಾಡಿಸುತ್ತಿದ್ದ ಸಿಸ್ಟರ್ ಬರ್ನೀಸ್ ಎಂಬ ದಪ್ಪನೆಯ ಮುದುಕಿಯೇ ಬೀರುವಿನ ಕೀಲಿ ಇಟ್ಟುಕೊಂಡವಳು. ಗೆದ್ದಲು ಅಂಚು ತಿಂದ ಪುಸ್ತಕವನ್ನು ಅವಳು ಮೇಜಿನ ಮೇಲೆ ಬಿಡಿಸಿದಳು.

ಮೊದಲ ಹೆಸರು ರೂತ್, ತಾಯಿ ಕೆಜಾಯಾ ಟಲಕ್. ಎರಡು ವರ್ಷ ಬಿಟ್ಟು ಆಮಸ್. ಆಮೇಲೆ ಲಿಡಿಯಾ. ಎಫ್ರೇಮ್ ಬೆರಳಿಟ್ಟು ಓದುತ್ತಾ ಹೋದ, ಓದುತ್ತಾ ಅವನ ದನಿ ಏರಿತು. ಹತ್ತು ಮಕ್ಕಳು! ಅಜ್ಜ ಒಬ್ಬನೇ ಮಗನೆಂದು ತಿಳಿದಿದ್ದನಲ್ಲ, ಅವನು ಹನ್ನೊಂದನೆಯವನು. ಹತ್ತು ಜನ ವಿಯರ್‌ನಲ್ಲಿ ಹುಟ್ಟಿದ್ದರು, ಒಬ್ಬ ಕ್ಲ್ಯಾರೆಂಡನ್‌ನಲ್ಲಿ. ಎಲ್ಲರೂ ಹುಟ್ಟಿದ್ದು ಅದೇ ಕೋಣೆಯಲ್ಲಿ. ಎಫ್ರೇಮ್‌ನ ಕಣ್ಣು ತುಂಬಿ ಬಂತು. ತನಗೆ ಯಾರೂ ಇಲ್ಲ ಎಂದುಕೊಂಡೇ ಅವನು ಮುದುಕನಾಗಿದ್ದ. ಅವನು ಸಂತೋಷಕ್ಕೆ ಹತ್ತೂ ಹೆಸರನ್ನು ಇನ್ನೊಮ್ಮೆ, ಗೋಡೆ ಅದುರುವಂತೆ ಓದಿದ.

ಹಾಡು ನಿಂತುಹೋಗಿತ್ತು.

"ರೂತ್ ಟಲಕ್ ನಮ್ಮಜ್ಜಿ ಕಣಪ್ಪಾ," ಎಂದಳು ಸಿಸ್ಟರ್ ಬರ್ನೀಸ್.

"ಲಿಡಿಯಾ ನಮ್ಮಮ್ಮನ ಅಜ್ಜಿ," ಎಂದ ಬಾಗಿಲಲ್ಲಿ ನಿಂತಿದ್ದ ಗ್ಲೆನ್‌ರಾಯ್. ಹಾಡುವವರಲ್ಲಿ ಆಮಸ್‌ನ ಕಡೆಯವರು ಆರು ಜನ ಕೈ ಎತ್ತಿದರು. ಎಫ್ರೇಮ್ ಒಬ್ಬೊಬ್ಬರನ್ನೂ ತಬ್ಬಿಕೊಂಡ. ಎಲ್ಲರೂ ಅವನನ್ನು ಕಸಿನ್ ಎಂದರು. ಅಪ್ಪಿಕೊಳ್ಳುವುದು ಮುಗಿದ ಮೇಲೆ ಸಿಸ್ಟರ್ ಬರ್ನೀಸ್ ಕಣ್ಣೊರೆಸಿಕೊಂಡು ಕೇಳಿದಳು: "ಅಂದಹಾಗೆ ಕಸಿನ್, ಈ ಪುಸ್ತಕ ಯಾತಕ್ಕೆ ಬೇಕಾಗಿತ್ತು?"

ಎಫ್ರೇಮ್ ಸುಳ್ಳು ಹೇಳುವ ಮನುಷ್ಯನಲ್ಲ. ಮರದ ವಿಷಯ ಹೇಳಿಬಿಟ್ಟ. ಜಿಲ್ಫಾ ಕೊಡೆಯಿಂದ ಹಣೆ ಚಚ್ಚಿಕೊಂಡಳು.

"ಹಾಗಾದ್ರೆ ಅದು ಕುಟುಂಬದ ನೆಲ!" ಎಂದು ಬರ್ನೀಸ್ ಎದ್ದು ನಿಂತಳು. "ಕುಟುಂಬದ ನೆಲ ಒಬ್ಬರದಲ್ಲ. ಮಾರೋ ಹಾಗಿಲ್ಲ, ಬೇಲಿ ಹಾಕೋ ಹಾಗಿಲ್ಲ. ಕೆಜಾಯಜ್ಜಿ ರಕ್ತ ಎಲ್ಲೆಲ್ಲಿದೆಯೋ ಅಷ್ಟೂ ಜನಕ್ಕೆ ಆ ಮರದಲ್ಲಿ ಪಾಲು."

ಸಂಜೆ ನಾಲ್ಕಕ್ಕೆ ಎಫ್ರೇಮ್‌ನ ಅಂಗಳದಲ್ಲಿ ಒಂದು ಕಾರು, ಒಂದು ಲಾರಿ, ನಲವತ್ತೊಂದು ನೆಂಟರು ಇದ್ದರು. ಗ್ಲೆನ್‌ರಾಯ್ ಮರ ಹತ್ತಿ ದೋಟಿಯಿಂದ ಕಾಯಿ ಕೀಳುತ್ತಿದ್ದ. ಮೇಷ್ಟ್ರೂ ಬಂದು, ಎಲ್ಲಾ ಕ್ರಮಬದ್ಧವಾಗಿದೆ ಎಂದು ತಲೆಯಾಡಿಸಿ ಹೋದರು. ಸಿಸ್ಟರ್ ಬರ್ನೀಸ್ ಕುರ್ಚಿಯಲ್ಲಿ ಕೂತು ಪುಸ್ತಕದ ಕ್ರಮದಲ್ಲೇ ಹಂಚಿದಳು: ಮೊದಲು ರೂತ್‌ಳ ಕಡೆಯವರು, ಆಮೇಲೆ ಆಮಸ್‌ನವರು, ಲಿಡಿಯಾಳವರು. ಹತ್ತನೆಯ ಮಗಳ ಮರಿಮಕ್ಕಳಿಗೆ ಕೊಡುವಾಗ ಮರ ಬೋಳಾಗಿತ್ತು. ಕೊನೆಗೆ ಬರ್ನೀಸ್‌ಳ ಕಾಲ ಬುಡದಲ್ಲಿ, ಎತ್ತಿಟ್ಟ ಒಂದೇ ಒಂದು ದೊಡ್ಡ ಕಾಯಿ ಉಳಿಯಿತು.

ಜೊಸಾಯಾನ ಕಡೆಯವನೊಬ್ಬನೇ ಸಾಲಿನಲ್ಲಿ ನಿಂತಿದ್ದ. ಎಫ್ರೇಮ್ ಎರಡೂ ಕೈ ಚಾಚಿದ. ಬರ್ನೀಸ್ ಅವನನ್ನು ದಾಟಿಹೋಗಿ ಕಾಯನ್ನು ಮಿಸ್ ಜಿಲ್ಫಾಳ ಮಡಿಲಿಗೆ ಹಾಕಿದಳು.

"ಅವಳಿಗೆ ಯಾಕೆ? ಅವಳಿಗೆ ಯಾವ ಪುಸ್ತಕದಲ್ಲೂ ಪಾಲಿಲ್ಲ!" ಎಂದು ಎಫ್ರೇಮ್ ಕೂಗಿದ.

"ಅದಕ್ಕೇ ಮತ್ತೆ. ಹೊರಗಿನೋರು ಬಾಗಿಲಲ್ಲಿ ನಿಂತಿರುವಾಗ ಬರಿಗೈಲಿ ಕಳಿಸ್ತಾರೇನೋ? ನಾವು ಮನೆಯೋರು, ಮುಂದಿನ ಕಾಯಿಗೆ ಕಾಯೋಣ."

ಜಿಲ್ಫಾ ಕಾಯನ್ನು ಎತ್ತಿಕೊಂಡು ಒಲೆ ಹೊತ್ತಿಸಲು ಹೋದಳು. ಎಫ್ರೇಮ್ ಮೊಹರು ಒತ್ತಿದ ಕಾಗದವನ್ನು ಕೋಟಿನ ಜೇಬಿನಿಂದ ತೆಗೆದು ನೋಡಿದ, ಮಡಿಸಿದ, ಮತ್ತೆ ನೋಡಿದ. ಆಮೇಲೆ ಬರ್ನೀಸ್‌ಳ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದ:

"ಸಿಸ್ಟರ್, ಹೊರಗಿನೋನು ಅಂತ ಬರೆಸ್ಕೊಳ್ಳೋದಕ್ಕೆ ಯಾವ ಜಿಲ್ಲೆ ಕಚೇರಿಗೆ ಹೋಗ್ಬೇಕು?"